ಸಂಪಾದಕರ ಉತ್ತರ: ಬೆಲಾರಸ್, ಯುರೋಪ್ ಮತ್ತು ನಿಮ್ಮ ತೋಟದ ಪೊಟ್ಯಾಶ್

ಪತ್ರ: 2020ರಲ್ಲಿ ಬೆಲಾರಸ್ ಜನ ಬೀದಿಗಿಳಿದಾಗ ಯುರೋಪ್ ಅವರ ಬೆನ್ನಿಗೆ ನಿಂತಿತು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೀರಿ. ಎಲ್ಲಿ ನಿಂತಿತ್ತು? ಹೇಳಿಕೆ ಕೊಟ್ಟು ಕೈ ತೊಳೆದುಕೊಂಡರು, ಅಷ್ಟೆ ಅಲ್ವಾ?
– ತೀರ್ಥಹಳ್ಳಿ ಬಳಿಯ ಅಡಿಕೆ ಬೆಳೆಗಾರರೊಬ್ಬರು

ಉತ್ತರ: ಮುಕ್ಕಾಲು ಪಾಲು ನಿಮ್ಮ ಮಾತೇ ಸರಿ ಸ್ವಾಮಿ. ನಾವು ಬರೆದದ್ದು ಸ್ವಲ್ಪ ಜಾಸ್ತಿಯೇ ಆಯಿತು.

1994ರಿಂದ ಕುರ್ಚಿ ಬಿಡದ ಅಧ್ಯಕ್ಷ ಲುಕಾಶೆಂಕೊಗೆ ಆಗಸ್ಟ್ 9ರ ಚುನಾವಣೆಯಲ್ಲಿ ಶೇ 80 ಮತ ಬಿತ್ತು ಎಂದು ಘೋಷಿಸಿದರು. ನಂಬುವವರು ಯಾರು? ರಾಜಧಾನಿ ಮಿನ್ಸ್ಕ್‌ನ ಬೀದಿಗಳು ತುಂಬಿಹೋದವು. ಪಾರ್ಕಿನ ಬೆಂಚು ಹತ್ತುವ ಮುಂಚೆ ಶೂ ಬಿಚ್ಚಿಡುತ್ತಿದ್ದ ಪ್ರತಿಭಟನಕಾರರು ಅವರು. ಅಂಥವರನ್ನು ಸಾವಿರಗಟ್ಟಲೆ ಹಿಡಿದು ಒಳಗೆ ಹಾಕಿದರು.

ಫಲಿತಾಂಶ ಒಪ್ಪುವುದಿಲ್ಲ ಎಂದು ಯುರೋಪ್ ಒಕ್ಕೂಟ ಬೇಗ ಹೇಳಿತು. ನಿರ್ಬಂಧ ಬಂದದ್ದು ಮಾತ್ರ ಅಕ್ಟೋಬರ್ 2ಕ್ಕೆ, 40 ಜನರ ಮೇಲೆ. ಆ ಪಟ್ಟಿಯಲ್ಲಿ ಲುಕಾಶೆಂಕೊ ಹೆಸರೇ ಇರಲಿಲ್ಲ! ಇಷ್ಟು ತಡ ಯಾಕೆ ಅಂದರೆ, ಒಕ್ಕೂಟದ 27 ದೇಶವೂ ಹೂಂ ಅನ್ನಬೇಕಿತ್ತು, ಸೈಪ್ರಸ್ ಅಲ್ಲಿಯವರೆಗೂ ಅನ್ನಲಿಲ್ಲ. ಅದಕ್ಕೇನು ಲುಕಾಶೆಂಕೊ ಮೇಲೆ ಪ್ರೀತಿಯಲ್ಲ. ಸೈಪ್ರಸ್ ತನ್ನದೆನ್ನುವ ಸಮುದ್ರದಲ್ಲಿ ಅನಿಲ ಹುಡುಕುತ್ತಿದ್ದ ಟರ್ಕಿ ಮೇಲೂ ಕ್ರಮ ಆಗಲಿ ಅನ್ನುವ ಪಟ್ಟು. ಪಕ್ಕದ ಲಿಥುವೇನಿಯಾ ಹಾಗಲ್ಲ, ವಿರೋಧ ಪಕ್ಷದ ಟಿಖಾನೊವ್‌ಸ್ಕಾಯಾಗೆ ಆಗಸ್ಟ್‌ನಲ್ಲೇ ಆಶ್ರಯ ಕೊಟ್ಟಿತ್ತು. ಉಳಿದವರಿಗೆ 2014ರಲ್ಲಿ ರಷ್ಯಾ ಉಕ್ರೇನ್‌ನಿಂದ ಕಿತ್ತುಕೊಂಡ ಕ್ರೈಮಿಯಾದ ನೆನಪು. ಜಾಸ್ತಿ ಕೆಣಕಿದರೆ ರಷ್ಯಾ ಬೆಲಾರಸ್‌ಗೂ ನುಗ್ಗೀತು ಎಂಬ ಅಂಜಿಕೆ.

ಯುರೋಪಿಗೆ ನಿಜವಾಗಿ ಸಿಟ್ಟು ಬಂದದ್ದು 2021ರ ಮೇ 23ಕ್ಕೆ. ಅಥೆನ್ಸ್‌ನಿಂದ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ಗೆ ಹೊರಟಿದ್ದ ರಯನ್‌ಏರ್ ವಿಮಾನವನ್ನು ಬೆಲಾರಸ್‌ನವರು ಮಿನ್ಸ್ಕ್‌ನಲ್ಲಿ ಇಳಿಸಿ, ಒಳಗಿದ್ದ ಲುಕಾಶೆಂಕೊ ವಿರೋಧಿ ಪತ್ರಕರ್ತ ಪ್ರೊಟಾಸೆವಿಚ್‌ನನ್ನು ಬಂಧಿಸಿದರು. ಮರುದಿನವೇ ಯುರೋಪಿನ ನಾಯಕರು ಸೇರಿ ಬೆಲಾರಸ್ ವಿಮಾನಗಳಿಗೆ ಬಾಗಿಲು ಹಾಕಲು ತೀರ್ಮಾನಿಸಿದರು. ಬೀದಿಯಲ್ಲಿ ಪೆಟ್ಟು ತಿಂದವರಿಗೆ ತಿಂಗಳುಗಟ್ಟಲೆ, ತಮ್ಮ ವಿಮಾನಕ್ಕೆ ಒಂದೇ ದಿನ!

ಜೂನ್‌ನಲ್ಲಿ ಬೆಲಾರಸ್‌ನ ದೊಡ್ಡ ಆದಾಯವಾದ ಪೊಟ್ಯಾಶ್ ಮೇಲೂ ನಿರ್ಬಂಧ ಬಂತು. ಇಲ್ಲೊಂದು ತಮಾಷೆ ನೋಡಿ. ನಿಮ್ಮ ಕೊಟ್ಟಿಗೆಯಲ್ಲಿರುವ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಶ್) ಗೊಬ್ಬರದ ಚೀಲದ ಮೇಲೆ 0-0-60 ಅಂತ ಇರುತ್ತಲ್ಲ, ಅಂದರೆ ಪೊಟ್ಯಾಶ್ ಅಂಶ ಶೇ 60. ಬೆಲಾರಸ್ ಮುಖ್ಯವಾಗಿ ಮಾರುವುದು ಇದನ್ನೇ, ಭಾರತಕ್ಕೂ ಅಲ್ಲಿಂದ ಬರುತ್ತಿತ್ತು. ಯುರೋಪ್ ನಿಷೇಧಿಸಿದ್ದು ಶೇ 40ಕ್ಕಿಂತ ಕಡಿಮೆ ಮತ್ತು ಶೇ 62ಕ್ಕಿಂತ ಜಾಸ್ತಿ ಇರುವುದನ್ನು. ನಡುವಿನದು ಆರಾಮಾಗಿ ಸಾಗುತ್ತಿತ್ತು. ಆ ಸಂದು ಮುಚ್ಚಿದ್ದು 2022ರ ಮಾರ್ಚ್‌ನಲ್ಲಿ, ರಷ್ಯಾದ ಸೇನೆ ಬೆಲಾರಸ್ ನೆಲದಿಂದಲೂ ಉಕ್ರೇನ್‌ಗೆ ನುಗ್ಗಿದ ಮೇಲೆ.

ಹಾಗಾಗಿ ‘ಬೆನ್ನಿಗೆ ನಿಂತಿತು’ ಎಂಬ ಸಾಲನ್ನು ವಾಪಸ್ ತೆಗೆದುಕೊಂಡಿದ್ದೇವೆ. ಲಿಥುವೇನಿಯಾದ ಮಟ್ಟಿಗಾದರೂ ಆ ಸಾಲು ಉಳಿಯಲಿ ಅನ್ನೋಣವೆಂದರೆ, 2022ರ ಜನವರಿ ಕೊನೆಯವರೆಗೂ ಆ ಪೊಟ್ಯಾಶ್ ಹಡಗು ಹತ್ತುತ್ತಿದ್ದದ್ದು ಅವರ ಕ್ಲೈಪೆಡಾ ಬಂದರಿನಲ್ಲೇ!