ಮೂಲನಿವಾಸಿಗಳು ತಮ್ಮ ಊರಿನ ವಿಷವನ್ನು ತಾವೇ ಅಳೆಯಲು ಹಣ ಎಲ್ಲಿಂದ ಬರುತ್ತದೆ?

ಕೆನಡಾದಲ್ಲಿ ಸರ್ಕಾರವೇ ಕೊಡುತ್ತದೆ. ಉತ್ತರ ಭಾಗಕ್ಕೆಂದು 'ನಾರ್ದರ್ನ್ ಕಂಟಾಮಿನೆಂಟ್ಸ್ ಪ್ರೋಗ್ರಾಂ' ಎಂಬ ಮಾಲಿನ್ಯ ಅಧ್ಯಯನದ ಯೋಜನೆ 1991ರಲ್ಲಿ ಶುರುವಾಯಿತು. ಅದಕ್ಕೂ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕ ಸಿಕ್ಕಿತ್ತು. ಸುತ್ತಮುತ್ತ ಅಂಥ ಕಾರ್ಖಾನೆಗಳೇ ಇಲ್ಲ! ಗಾಳಿಯಲ್ಲಿ, ಸಮುದ್ರದಲ್ಲಿ ಬಂದ ವಿಷ ಸೀಲ್, ತಿಮಿಂಗಿಲಗಳ ಕೊಬ್ಬಿನಲ್ಲಿ ಸೇರಿ ಊಟಕ್ಕೆ ಬಂದಿತ್ತು.

ದಕ್ಷಿಣದ 'ಫಸ್ಟ್ ನೇಷನ್ಸ್' ಎಂಬ ಮೂಲನಿವಾಸಿ ಸಮುದಾಯಗಳಿಗೆ ಬೇರೆ ಯೋಜನೆ ಇದೆ. ಊರಿನವರೇ ಪ್ರಶ್ನೆ ಎತ್ತಿ, ವಿಜ್ಞಾನಿಗಳ ಜೊತೆ ಸೇರಿ ಅರ್ಜಿ ಹಾಕಬಹುದು. ಮೀನನ್ನೂ ಅದನ್ನು ತಿನ್ನುವವರ ತಲೆಗೂದಲನ್ನೂ ಪರೀಕ್ಷಿಸಿದರೆ ಮೀನಿನಿಂದ ಮೈಗೆ ಸೇರುವ ಪಾದರಸ ಎಂಬ ವಿಷದ ಲೆಕ್ಕ ಸಿಗುತ್ತದೆ.

ನನಗೆ ಇದೇ ಸರಿ ಅನಿಸುತ್ತದೆ. ಯಾವ ಕೆರೆಯ ಮೀನು ಯಾವಾಗ ಜಾಸ್ತಿ ತಿನ್ನುತ್ತಾರೆ ಅನ್ನೋದು ಊರಿನವರಿಗೇ ಗೊತ್ತು, ಅಲ್ವಾ? ಸುಮ್ನೆ 'ಮೀನು ತಿನ್ನೋದು ಬಿಡಿ' ಅಂದರೆ ಅಂಗಡಿಯ ದುಬಾರಿ ಡಬ್ಬಿ ಊಟವೇ ಗತಿ.