ಸೂಪರ್ ವೀಸಾದಲ್ಲಿರುವ ತಾಯಿಗಾಗಿ 211ಕ್ಕೆ ಕರೆ ಮಾಡಬಹುದೇ?

ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರ್ಯಾಂಪ್ಟನ್ನಿನಲ್ಲಿ ನಿಮ್ಮ ಜೊತೆಗಿರುವ ತಾಯಿ ಹಗಲೆಲ್ಲ ಒಬ್ಬರೇ ಇದ್ದು ಮಂಕಾಗಿದ್ದಾರೆ, ಸೂಪರ್ ವೀಸಾದವರಿಗೆ (ಮಕ್ಕಳ ಬಳಿ ಹೆತ್ತವರು ದೀರ್ಘಕಾಲ ಇರಲು ಕೊಡುವ ಸಂದರ್ಶಕ ವೀಸಾ) 211 ಎಂಬ ಸ್ಥಳೀಯ ಸೇವೆಗಳ ಮಾಹಿತಿವಾಣಿ ನೆರವಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ, ಹಿಂಜರಿಯಬೇಡಿ. ಒಂಟಾರಿಯೊದಲ್ಲಿ ಈ ಕರೆ ಉಚಿತ, 24 ಗಂಟೆಯೂ ಲಭ್ಯ. ಆರೋಗ್ಯ ಕಾರ್ಡಾಗಲಿ ಪೌರತ್ವವಾಗಲಿ ಬೇಕಿಲ್ಲ. ಹೆಸರನ್ನೂ ಹೇಳದೆ ಮಾತನಾಡಬಹುದು.

ಒಂದು ವಿಷಯ ಮೊದಲೇ ತಿಳಿದಿರಲಿ: 211 ತಾನೇ ಚಿಕಿತ್ಸೆಯನ್ನಾಗಲಿ ಹಣವನ್ನಾಗಲಿ ಕೊಡುವುದಿಲ್ಲ. ನಿಮ್ಮ ಬಡಾವಣೆಯ ಸುತ್ತ ಯಾವ ಸೇವೆ ಇದೆ, ಯಾರು ಅರ್ಹರು ಎಂಬುದನ್ನು ಹುಡುಕಿ ದಾರಿ ತೋರಿಸುತ್ತದೆ. ಆದ್ದರಿಂದ "ಅಮ್ಮನಿಗೆ ಸಹಾಯ ಬೇಕು" ಎಂದಷ್ಟೇ ಹೇಳಿದರೆ ಸಾಲದು. ವಯಸ್ಸು, ನಡೆದಾಡುವ ಶಕ್ತಿ, ಬಲ್ಲ ಭಾಷೆಗಳು, ಬಸ್ಸಿನಲ್ಲಿ ಒಬ್ಬರೇ ಹೋಗಬಲ್ಲರೇ, ಎಲ್ಲವನ್ನೂ ಹೇಳಿ. ದಕ್ಷಿಣ ಏಷ್ಯಾದ ಹಿರಿಯರು ಸೇರುವ ಕಾರ್ಯಕ್ರಮಗಳಿವೆಯೇ ಎಂದು ವಿಚಾರಿಸಿ. ವಿಮೆ ಇಲ್ಲದವರನ್ನೂ ನೋಡುವ ಸಮುದಾಯ ಆರೋಗ್ಯ ಕೇಂದ್ರಗಳು ಒಂಟಾರಿಯೊದಲ್ಲಿವೆ; ಅದನ್ನೂ ಮರೆಯದೆ ಕೇಳಿ. ಸೂಪರ್ ವೀಸಾಕ್ಕೆಂದು ಕೊಂಡ ವಿಮೆ ಏನನ್ನು ಭರಿಸುತ್ತದೆ ಎಂಬುದನ್ನು ಮಾತ್ರ ನೀವೇ ಓದಿ ನೋಡಬೇಕು.

ಸಾಧ್ಯವಾದರೆ ತಾಯಿಯೇ ಮಾತನಾಡಲಿ. 150ಕ್ಕೂ ಹೆಚ್ಚು ಭಾಷೆಗಳಿಗೆ ದುಭಾಷಿಗಳ ವ್ಯವಸ್ಥೆ ಇದೆ. ಕರೆ ಸಿಕ್ಕ ಕೂಡಲೇ ಕನ್ನಡದ ದುಭಾಷಿ ಬೇಕೆಂದು ಕೇಳಿ. ಮಕ್ಕಳ ಮುಂದೆ ಹೇಳಲಾಗದ ಬೇಸರವನ್ನು ಹಿರಿಯರು ಹೊರಗಿನವರ ಬಳಿ ಹೇಳಿಕೊಳ್ಳುವುದುಂಟು.

ಬದುಕೇ ಬೇಡವೆಂಬ ಮಾತು ಅವರ ಬಾಯಲ್ಲಿ ಬಂದರೆ 211ಕ್ಕಾಗಿ ಕಾಯಬೇಡಿ, ತಕ್ಷಣ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ. ಅಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಮಾತ್ರ, ಹಾಗಾಗಿ ನೀವು ಪಕ್ಕದಲ್ಲಿರಿ. ಪ್ರಾಣಾಪಾಯವಿದ್ದರೆ ತುರ್ತು ಸೇವೆ 911.