ಓದುಗರು ಕೇಳ್ಯಾರ: ನಮ್ಮೂರಿನ ಹವಾಮಾನ ಪ್ಲ್ಯಾನ್ ಬರಿಯೋರು ಯಾರ್ರಿ?

ಈ ಸಲ ಬಂದ ಪ್ರಶ್ನೆಗಳಾಗ ಅರ್ಧಕ್ಕಿಂತ ಜಾಸ್ತಿ ಬಿಸಲು, ಹೊಳಿ, ನಳದ ನೀರು ಇವುದರ ಬಗ್ಗೇನ ಇದ್ದುವು, ಅದಕ್ಕ ಒಂದ ಕಡೆ ಕೂಡಿಸಿ ಉತ್ತರ ಬರದೀನಿ. ಉದ್ದ ಪತ್ರಗಳನ್ನ ಸ್ವಲ್ಪ ಕತ್ತರಿಸೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರಿನವ್ರು ನಾವು, ಊರ ಹೆಸರು ಹಾಕಬ್ಯಾಡ್ರಿ. ನಾಕು ಮಂದಿ ಮಾಸ್ತರು, ಒಂದು ಮಹಿಳಾ ಸಂಘ, ಒಂದಿಷ್ಟು ಹುಡುಗ್ರು ಕೂಡಿ ಊರಿಗೆ ಕ್ಲೈಮೇಟ್ ಆಕ್ಷನ್ ಪ್ಲ್ಯಾನ್ (ಬಿಸಲು, ಹೊಳಿ, ಬರ ತಡ್ಕೊಳ್ಳಾಕ, ಹೊಗಿ ಕಮ್ಮಿ ಮಾಡಾಕ ಊರಿನ ಯೋಜನೆ) ಮಾಡೂಣಂತ ಕುಂತೀವಿ. ಯಾರೋ ಪರದೇಶದ ಒಂದು ಪಟ್ಟಣದ ಪ್ಲ್ಯಾನ್ ಪಿಡಿಎಫ್ ಕಳಿಸ್ಯಾರ, ಓದಿ ತಲಿ ತಿರುಗಿ ಹೋತು. ಎಲ್ಲಿಂದ ಚಾಲೂ ಮಾಡಬೇಕು?

ಉತ್ತರ: ಮೊದ್ಲ ಆ ಪಿಡಿಎಫ್ ಬಾಜೂಕ ಇಡ್ರಿ. ಅಂಥ ಥಂಡಿ ದೇಶದ ಪ್ಲ್ಯಾನಿನಾಗ ಮನಿ ಬೆಚ್ಚಗ ಇಡೋದು ಹೆಂಗ ಅನ್ನೋದ ದೊಡ್ಡ ಮಾತು, ನಮಗ ಶಿವರಾತ್ರಿ ಮುಗದ್ರ ಸಾಕು ಮನಿ ತಂಪು ಹೆಂಗ ಮಾಡೋದು ಅನ್ನೋದ ಚಿಂತಿ.

ಒಂದು ದೊಡ್ಡ ಹಾಳಿ ಮ್ಯಾಲ ವಾರ್ಡ್ ಪ್ರಕಾರ ಊರಿನ ನಕಾಶೆ ತಗೀರಿ, ಆಮ್ಯಾಲ ಏಪ್ರಿಲ್ ತಿಂಗಳಾಗ ಮಧ್ಯಾಹ್ನ ಮೂರು ಗಂಟೆಕ್ಕ ಒಂದೊಂದ ಓಣಿ ಅಡ್ಡಾಡ್ರಿ, ಸಂಜಿ ತಂಪಿನಾಗ ಹೋದ್ರ ಏನೂ ತಿಳಿಯಂಗಿಲ್ಲ. ಎಲ್ಲಿ ನೆರಳಿಲ್ಲ, ಎಲ್ಲಿ ಮಳಿ ನೀರು ನಿಲ್ಲತೈತಿ, ಎಲ್ಲಿ ಎಂಟು ದಿನಕ್ಕೊಮ್ಮೆ ನಳ ಬರ್ತೈತಿ, ಎಲ್ಲಿ ಕಸಕ್ಕ ಬೆಂಕಿ ಹಚ್ಚತಾರ, ಒಂದೊಂದಕ್ಕ ಒಂದೊಂದು ಬಣ್ಣ ಹಚ್ಚಿಕೋತ ಹೋಗ್ರಿ. ನೂರಿನ್ನೂರು ರೂಪಾಯಿ ಥರ್ಮಾಮೀಟರ್ ಒಂದೆರಡು ತಗೊಂಡು ಪವರ್‌ಲೂಮ್ ಶೆಡ್ಡಿನಾಗ ತಗಡಿನ ಕೆಳಗ ಒಂದು, ಅದ ಓಣಿಯ ಹಳೇ ಮಣ್ಣಿನ ಮಾಳಿಗಿ ಮನಿಯಾಗ ಒಂದು ತೂಗಹಾಕ್ರಿ, ದಿನಾ ಮೂರಕ್ಕ ಬರದು ಇಡ್ರಿ. ಶೆಡ್ಡಿನ ಮೂಲ್ಯಾಗ ಕುಂತು ಕಂಡಿಕಿ ಸುತ್ತೋ ಹೆಣ್ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡ್ರಿ, ನಿಮಗಿಂತ ಚೊಲೋ ಅವ್ರ ಪ್ಲ್ಯಾನ್ ಹೇಳ್ತಾರ, ಯಾವ ಹೊತ್ತಿಗೆ ಮಗ್ಗ ನಿಲ್ಲಿಸಬೇಕು, ಕುಡಿಯಾಕ ನೀರಿನ ಕೊಡ ಎಲ್ಲಿ ಇರಬೇಕು ಅಂತ. ತಗಡಿನ ಮ್ಯಾಲ ಬಿಳಿ ಸುಣ್ಣ ಇಲ್ಲಾ ಬಿಳಿ ಪೇಂಟ್ ಹೊಡದ್ರ ಒಳಗ ಎರಡು ಡಿಗ್ರಿ ಮ್ಯಾಲೇ ಇಳೀತೈತಿ, ಬಾಜೂಕಿನ ತೆಲಂಗಾಣ 2023ರಾಗ ಇದಕ್ಕಂತನ ಕೂಲ್ ರೂಫ್ ಪಾಲಿಸಿ ತಂದೈತಿ. ಇನ್ನ ಕುಣಿಮಗ್ಗದವ್ರ ಕಥಿ ಬ್ಯಾರೆ, ಕಾಲು ಇಳಿಬಿಟ್ಟು ಕೂಡೋ ಕುಣಿಯಾಗ ದೊಡ್ಡ ಮಳ್ಯಾಗ ಕೆಳಗಿಂದನ ನೀರು ಜಿನುಗತೈತಿ, ಓಣ್ಯಾಗ ನೀರು ನಿಂತಿಲ್ಲ ಅಂದ್ರೂ ವಾರಗಟ್ಟಲೆ ಮಗ್ಗ ಬಂದ್. ಇಂಥಾವು ಯಾವ ಕನ್ಸಲ್ಟಂಟ್ ಕಣ್ಣಿಗೂ ಬೀಳಂಗಿಲ್ಲ, ನೀವ ಬರೀಬೇಕು.

ಎರಡನೇದು, ಪುರಸಭೆಯ ಕರೆಂಟ್ ಬಿಲ್. ಸಣ್ಣ ಊರಿನ ಆಡಳಿತದಾಗ ಕರೆಂಟ್ ತಿನ್ನೋವು ಮುಖ್ಯ ಎರಡ, ನೀರೆತ್ತೋ ಪಂಪು, ಬೀದಿ ದೀಪ. ಕೇಳಿದ್ರ ಕೊಡಬೇಕು, ಕೊಡದಿದ್ರ ಮಾಹಿತಿ ಹಕ್ಕಿನಾಗ ಅರ್ಜಿ ಹಾಕ್ರಿ, 30 ದಿನದಾಗ ಉತ್ತರ ಬರಬೇಕು. ಲೆಕ್ಕ ಹೆಂಗಂದ್ರ, 50 ಎಚ್‌ಪಿ ಮೋಟಾರು ದಿನಕ್ಕ 16 ತಾಸು ಓಡಿದ್ರ ಹತ್ರತ್ರ 600 ಯೂನಿಟ್. ಏರಿಸಿದ ನೀರಿನಾಗ ಕಾಲು ಭಾಗ ಪೈಪಿನಾಗ ಸೋರತೈತಿ ಅಂತ ಹಿಡದ್ರ 150 ಯೂನಿಟ್ ದಿನಾ ಮಣ್ಣಿಗೆ. ನಮ್ಮ ದೇಶದ ಗ್ರಿಡ್ಡಿನಾಗ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್, ಅಂದ್ರ ಬರೇ ಸೋರಿಕೆಯಿಂದ ವರ್ಷಕ್ಕ 38 ಟನ್. ವಾಲ್ವ್ ಬದಲಿ ಮಾಡಿದ್ರ ಬಿಲ್ಲೂ ಇಳೀತೈತಿ, ಕಟ್ಟಕಡೆ ಮನಿಗೆ ನೀರೂ ಮುಟ್ಟತೈತಿ, ಹೊಗಿನೂ ಕಮ್ಮಿ. ನನ್ನ ಕೇಳಿದ್ರ ಸಣ್ಣ ಊರಿನ ಪ್ಲ್ಯಾನಿನಾಗ ಪೈಪ್ ರಿಪೇರಿ ಮೊದಲನೇ ಪುಟದಾಗ ಇರಬೇಕು, ಸೈಕಲ್ ಜಾಥಾ ಆಮ್ಯಾಲ.

ಮಳಿ ಲೆಕ್ಕಕ್ಕ ಹಿರೇರ ನೆನಪು ಅಷ್ಟ ಸಾಲದು, ಅದೂ ಬೇಕು, ರೆಕಾರ್ಡೂ ಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರು ಗ್ರಾಮ ಪಂಚಾಯ್ತಿ ಮಟ್ಟದಾಗನ ಮಳಿಮಾಪಕ ಹಾಕ್ಯಾರ, ಸುತ್ತಲಿನ ಹಳ್ಳಿಗಳ ಅಂಕಿ ಸಿಗ್ತಾವು.

ಪ್ರಶ್ನೆ: ತಾಳಿಕೋಟೆಯಿಂದ ಒಬ್ಬ ಕಿರಾಣಿ ಅಂಗಡಿಯವ್ರು: ನಾವೇನು ಫ್ಯಾಕ್ಟರಿ ಇಟ್ಟೀವೇನ್ರಿ? ಹೊಗಿ ಬಿಟ್ಟವ್ರು ಅಮೆರಿಕದವ್ರು, ಪ್ಲ್ಯಾನ್ ಮಾಡೋರು ನಾವು?

ಉತ್ತರ: ಮಾತು ಖರೇನ ಐತಿ. ತಲಿಗೆ ಲೆಕ್ಕ ಹಾಕಿದ್ರ ನಮ್ಮ ದೇಶದವ್ರದು ವರ್ಷಕ್ಕ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅವ್ರದು 14ರ ಆಸುಪಾಸು. ಆದ್ರ ನೀವು 2019ರಾಗ ಹೊಳಿ ನೋಡೀರಿ, 2023ರಾಗ ಬರ ನೋಡೀರಿ, ಆ ವರ್ಷ ರಾಜ್ಯದ 236 ತಾಲೂಕಿನಾಗ 223 ಬರಪೀಡಿತ ಅಂತ ಘೋಷಣೆ ಆಗಿದ್ದುವು. ತಪ್ಪು ಯಾರದ ಇರಲಿ, ನಿಮ್ಮ ಅಂಗಡಿ ಉದ್ರಿ ಪುಸ್ತಕದಾಗ ಆ ಎರಡೂ ವರ್ಷ ಎದ್ದು ಕಾಣತಿರಬೇಕಲ್ರಿ? ನಮ್ಮ ಪ್ಲ್ಯಾನು ಮೊದ್ಲ ನಮ್ಮ ಜೀವ ಉಳಿಸಿಕೊಳ್ಳಾಕ, ಹೊಗಿ ಕಮ್ಮಿ ಆದ್ರ ಅದು ಮ್ಯಾಲಿನ ಲಾಭ.

ಪ್ರಶ್ನೆ: ಗೋಕಾಕದಿಂದ ಒಬ್ಬ ತಾಯಿ: ಹೊಳಿ ಬಂದಾಗೊಮ್ಮೆ ಕಾಳಜಿ ಕೇಂದ್ರ, ಇಳದ ಮ್ಯಾಲ ಮನಿಗೆ ಬಂದು ಕೆಸರು ಬಳಿಯೋದು. ಇದ್ರಾಗ ನಮ್ಮಂಥವ್ರು ಪ್ಲ್ಯಾನ್ ಮಾಡಿ ಏನಾಗ್ತೈತಿ?

ಉತ್ತರ: ಡ್ಯಾಮು ನಿಮ್ಮ ಕೈಯಾಗಿಲ್ಲ ಅವ್ವಾ, ಆದ್ರ ಆರು ತಾಸು ಮೊದ್ಲ ಗೊತ್ತಾಗೋದು ನಿಮ್ಮ ಕೈಯಾಗ ಐತಿ. ಟೀವಿಯಾಗ ಘಟಪ್ರಭಾ ಹೊಳಿಯ ಹಿಡಕಲ್ ಡ್ಯಾಮಿನಿಂದ ಇಷ್ಟು ಸಾವಿರ ಕ್ಯೂಸೆಕ್ಸ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು) ಬಿಟ್ರು ಅಂತಾರ, ಅದನ್ನ ಕೇಳಿ ನಿಮ್ಮ ಕಟ್ಟಿಗೆ ನೀರು ಬರ್ತೈತೋ ಇಲ್ಲೋ ಯಾರಿಗೆ ತಿಳೀತೈತಿ? ನಿಮ್ಮ ಓಣ್ಯಾಗ ಕರೆಂಟ್ ಕಂಬಕ್ಕ, ಗುಡಿ ಗ್ವಾಡಿಗೆ 2019ರ ನೀರು ಎಲ್ಲಿಮಟ ಬಂದಿತ್ತು, 2024ರ ಜುಲೈದಾಗ ಎಲ್ಲಿಮಟ ಬಂತು ಅಂತ ಎಣ್ಣಿ ಬಣ್ಣದಾಗ ಗೆರಿ ಹೊಡೀರಿ, ಬಾಜೂಕ ಆ ದಿನ ಎಷ್ಟು ನೀರು ಬಿಟ್ಟಿದ್ರು ಅಂತ ಬರೀರಿ (ನೀರಾವರಿ ಕಚೇರಿಯಾಗ ದಿನವಹಿ ಲೆಕ್ಕ ಇರ್ತೈತಿ). ಗೋಕಾಕಿಗೆ ಘಟಪ್ರಭಾ ಒಂದ ಅಲ್ಲ, ಹಿರಣ್ಯಕೇಶಿ, ಮಾರ್ಕಂಡೇಯ, ಬಳ್ಳಾರಿ ನಾಲಾ ಎಲ್ಲಾ ಕೂಡಿ ಬರ್ತಾವು, ಅದಕ್ಕ ಹಿಡಕಲ್ ಅಂಕಿ ಒಂದನ್ನ ನಂಬಿ ಕೂಡಬ್ಯಾಡ್ರಿ, ಲೋಳಸೂರ ಸೇತುವೆ ಹತ್ರ ನೀರು ಎಷ್ಟೈತಿ ಅಂತ ತಾಸಿಗೊಮ್ಮೆ ವಾಟ್ಸಾಪಿಗೆ ಹಾಕಾಕ ಇಬ್ಬರನ್ನ ನೇಮಿಸ್ರಿ. ಎರಡು ಮೂರು ಮಳಿಗಾಲದಾಗ ನಿಮ್ಮದ ಒಂದು ಪಟ್ಟಿ ತಯಾರಾಗ್ತೈತಿ: ಇಷ್ಟು ಬಿಟ್ರ ಕುಂಬಾರ ಓಣಿ, ಇಷ್ಟು ಬಿಟ್ರ ಸಂತಿ ಕಟ್ಟಿ.

ಅದರ ಜೋಡಿ ಇನ್ನೊಂದು ಪಟ್ಟಿ ಬೇಕು, ಯಾರ ಮನ್ಯಾಗ ಹಾಸಿಗಿ ಹಿಡದವ್ರು ಅದಾರ, ಯಾರು ಬಸರಿ, ಯಾರಿಗೆ ಡಯಾಲಿಸಿಸ್, ಯಾರ ಎಮ್ಮಿ ಎಲ್ಲಿ ಕಟ್ಟೋದು. ಮಂದಿ ಮನಿ ಬಿಟ್ಟು ಬರಲಾರದ್ದಕ್ಕ ಹೆಚ್ಚಾಗಿ ದನಾನ ಕಾರಣ, ಅಧಿಕಾರಿಗಳು ಮಾತ್ರ ಹಟ ಮಾಡತಾರ ಅಂತ ಬೈತಾರ. ದನಕ್ಕ ಎತ್ತರದ ಜಾಗ, ಮೇವು ಮೊದ್ಲ ಗೊತ್ತು ಮಾಡಿದ್ರ ಅರ್ಧ ಜಗಳ ಮುಗದಂಗ.

ಪ್ರಶ್ನೆ: ಸಿಂದಗಿ ಓದುಗರು: ಎಲ್ಲಾರ ಮನಿ ಮ್ಯಾಲ ಸೋಲಾರ್ ಹಾಕಸೂಣು ಅಂತ ಪ್ಲ್ಯಾನಿನಾಗ ಬರದೀವಿ, ಮಂದಿ ನಗತಾರ.

ಉತ್ತರ: ನಗದ ಏನು ಮಾಡ್ತಾರ್ರಿ, ಗೃಹಜ್ಯೋತಿಯಾಗ ಬಿಲ್ಲ ಸೊನ್ನೆ ಬರೋ ಮನಿಯವ್ರು ಕೈಯಿಂದ ರೊಕ್ಕ ಹಾಕಿ ಪ್ಯಾನಲ್ ಯಾಕ ಹಾಕಸತಾರ? 200 ಯೂನಿಟ್ ದಾಟೋ ದೊಡ್ಡ ಮನಿಗಳನ್ನ ಹಿಡೀರಿ, ಅವರಿಗೆ ಪಿಎಂ ಸೂರ್ಯಘರ್ ಯೋಜನೆಯಾಗ 1 ಕಿಲೋವ್ಯಾಟಿಗೆ 30,000, 2ಕ್ಕ 60,000, 3 ಮತ್ತ ಅದರ ಮ್ಯಾಲ 78,000 ರೂಪಾಯಿ ಸಬ್ಸಿಡಿ ಇಟ್ಟಾರ. ಅವರ ನಂತರ ಕಲ್ಯಾಣ ಮಂಟಪ, ಖಾಸಗಿ ಶಾಲೆ, ಹಿಟ್ಟಿನ ಗಿರಣಿ, ಪುರಸಭೆಯ ಪಂಪ್‌ಹೌಸ್. ನಾಕು ಕಡೆ ಓಡಿದ್ದು ಕಣ್ಣಿಗೆ ಕಂಡ್ರ ಉಳಿದವ್ರು ತಾವ ಕೇಳ್ಕೋತ ಬರ್ತಾರ.

ಪ್ರಶ್ನೆ: ವಿಜಯಪುರದಿಂದ: ನಮ್ಮ ವಾರ್ಡಿನಾಗ ಯಾವ ಗಿಡ ಹಚ್ಚೋದು? ಮತ್ತ ಹಳೇ ಬಾವಡಿಗಳನ್ನ (ಮೆಟ್ಟಿಲಿನ ದೊಡ್ಡ ಬಾವಿ) ಪ್ಲ್ಯಾನಿನಾಗ ಸೇರಸಬಹುದಾ?

ಉತ್ತರ: ಬೇವು, ಹೊಂಗಿ, ಹುಣಸಿ, ಆಲ. ಲಗೂನ ಬೆಳೀತೈತಿ ಅಂತ ಕೋನೋಕಾರ್ಪಸ್ ಅನ್ನೋ ಪರದೇಶದ ಗಿಡ ತರಬ್ಯಾಡ್ರಿ, ಗುಜರಾತದಾಗ 2023ರಾಗ ಅದಕ್ಕ ನಿಷೇಧನ ಹಾಕ್ಯಾರ. ಗಿಡ ಹಚ್ಚೋ ಫೋಟೊ ಜೂನ್ 5ಕ್ಕ ತಗಿಸ್ಕೊಂಡವ್ರನ್ನ ಮುಂದಿನ ಏಪ್ರಿಲ್‌ದಾಗ ನೀರು ಹಾಕಾಕ ಕರೀರಿ, ಎಷ್ಟು ಮಂದಿ ಬರ್ತಾರೋ ಅಷ್ಟ ಗಿಡ ಹಚ್ಚಿದ್ರ ಸಾಕು.

ಬಾವಡಿ ಸೇರಸಲೇಬೇಕು. ಆದಿಲಶಾಹಿ ಕಾಲದಾಗ ತೊರವಿಯಿಂದ ನೆಲದೊಳಗ ಸುರಂಗ ಹೊಡದು, ಅಲ್ಲಲ್ಲಿ ಗಾಳಿ ಬಾವಿ ಬಿಟ್ಟು, ಮೋಟಾರಿಲ್ಲದ ಬರೇ ಇಳಕಲಿನ ಮ್ಯಾಲ ನೀರು ಊರಿಗೆ ತಂದಿದ್ರು, ತಾಜ್ ಬಾವಡಿ ಚಾಂದ್ ಬಾವಡಿ ಇನ್ನೂ ಕಣ್ಮುಂದ ಅದಾವ. ಕುಡಿಯಾಕ ಬ್ಯಾಡ, ಗಿಡಕ್ಕ, ಕಟ್ಟಡ ಕೆಲಸಕ್ಕ ಬಳಸಿದ್ರೂ ಅಷ್ಟು ಟ್ಯಾಂಕರ್ ಉಳೀತಾವು. ಹೂಳು ತಗಿಯೋದು ಸರ್ಕಾರ ಮಾಡಬಹುದು, ಸ್ಮಾರಕ ಇದ್ರ ಪುರಾತತ್ವ ಇಲಾಖೆ ಒಪ್ಪಿಗಿನೂ ಬೇಕು, ಆದ್ರ ಮ್ಯಾಲ ಗಣಪತಿ ಬಿಡಲಾರದಂಗ, ಗಟಾರ ಸೇರಲಾರದಂಗ ಕಾಯೋದು ಓಣಿಯವ್ರದ ಕೆಲಸ.

ಪ್ರಶ್ನೆ: ಬೆಳಗಾವಿ ಜಿಲ್ಲೆಯ ಒಬ್ಬರು, ಊರು ಬ್ಯಾಡ ಅಂದಾರ: ಪ್ಲ್ಯಾನ್ ಬರದು ಪುರಸಭೆ ಮುಖ್ಯಾಧಿಕಾರಿ ಕೈಯಾಗ ಕೊಟ್ವಿ. ಚೊಲೋ ಆಗೇತಿ, ಫಂಡ್ ಇಲ್ಲ ಅಂತ ಕಪಾಟಿನಾಗ ಇಟ್ರು.

ಉತ್ತರ: ಕೊಟ್ಟ ಹೊತ್ತು ನೋಡ್ರಿ ಯಾವುದಿತ್ತು ಅಂತ. ಬಜೆಟ್ ಆದ ಮ್ಯಾಲ ಕೊಟ್ರ ಯಾವ ಅಧಿಕಾರಿನೂ ಇದ ಉತ್ತರ ಕೊಡತಾನ. ಡಿಸೆಂಬರ್-ಜನವರಿ ಸುಮಾರಿಗೆ ಪುರಸಭೆಗಳು ಬಜೆಟ್ ಪೂರ್ವಭಾವಿ ಸಭೆ ಕರೀತಾವು, ಪೇಪರಿನಾಗ ಸಣ್ಣ ಅಕ್ಷರದಾಗ ಬರ್ತೈತಿ, ಹೋಗೋರು ಬೆರಳೆಣಿಕಿ ಮಂದಿ, ಅದರಾಗೂ ಗುತ್ತಿಗೆದಾರರ ಜಾಸ್ತಿ. ಅಲ್ಲಿಗೆ ಪ್ಲ್ಯಾನ್ ಪೂರ್ತಿ ಒಯ್ಯಬ್ಯಾಡ್ರಿ, ಮೂರ ಕೆಲಸ ಒಯ್ಯಿರಿ, ಒಂದೊಂದಕ್ಕ ವಾರ್ಡ್ ನಂಬರ್, ಅಂದಾಜು ಖರ್ಚು ಬರದು. ಫಂಡ್ ಇಲ್ಲ ಅಂದ್ರ 15ನೇ ಹಣಕಾಸು ಆಯೋಗದ (ಕೇಂದ್ರದ ರೊಕ್ಕ ರಾಜ್ಯಕ್ಕ, ಊರಿಗೆ ಹೆಂಗ ಹಂಚಬೇಕು ಅಂತ ಹೇಳೋ ಆಯೋಗ) ಉದಾಹರಣೆ ಕೊಡ್ರಿ, ಸಣ್ಣ ಪಟ್ಟಣಗಳ ಅನುದಾನದಾಗ 60% ನೀರು, ನೈರ್ಮಲ್ಯ, ಕಸಕ್ಕಂತನ ಕಟ್ಟಿಟ್ಟಿದ್ರು, ನಮ್ಮೂರಿನಾಗ ಅದು ಎಲ್ಲಿ ಖರ್ಚಾತು ಅಂತ ಕೇಳ್ರಿ. ಸಂವಿಧಾನದ 12ನೇ ಅನುಸೂಚಿಯಾಗ ಪರಿಸರ ರಕ್ಷಣೆ ನಗರಾಡಳಿತದ ಕೆಲಸಗಳ ಪಟ್ಟಿಯಾಗನ ಐತಿ, ಅದೂ ಹೇಳ್ರಿ.

ಸರ್ಕಾರ ಮಾಡದಿದ್ರ ನಾವ ರೊಕ್ಕ ಕೂಡಿಸಿ ಮಾಡೂಣು ಅಂತ ಜಮಖಂಡಿ ಕಡೆಯವ್ರು ಚಿಕ್ಕಪಡಸಲಗಿ ಬ್ಯಾರೇಜ್ ಮಾತು ತಗೀತಾರ, 1989ರಾಗ ಸಿದ್ದು ನ್ಯಾಮಗೌಡರ ಮುಂದಾಳತ್ವದಾಗ ರೈತರ ರೊಕ್ಕ ಕೂಡಿಸಿ, ಬೆವರು ಸುರಿಸಿ ಕೃಷ್ಣಾ ಹೊಳಿಗೆ ಕಟ್ಟಿದ್ದು, ಶ್ರಮಬಿಂದು ಸಾಗರ ಅಂತ ಹೆಸರಾತು. ಹೆಮ್ಮೆ ಪಡೋ ಕೆಲಸ, ಅನುಮಾನ ಇಲ್ಲ. ಆದ್ರ ಅಲ್ಲಿ ಕಟ್ಟಿದವ್ರ ಹೊಲಕ್ಕ ನೀರು ಹರೀತು, ಲಾಭ ಕೈಗೆ ಸಿಕ್ತು. ಊರ ಗಟಾರ, ಪೈಪು ಹಂಗಲ್ಲ, ಅದಕ್ಕ ನೀವು ಕರ ಕಟ್ಟೀರಿ, ಮತ್ತ ವಂತಿಗಿ ಎತ್ತಬ್ಯಾಡ್ರಿ. ವಂತಿಗಿ ಎತ್ತೋದಿದ್ರ ಥರ್ಮಾಮೀಟರಿಗೆ, ನಕಾಶೆ ಪ್ರಿಂಟಿಗೆ ಎತ್ತರಿ. ಸಭೆಯಾಗ ನೀವು ಹೇಳಿದ್ದು ನಡಾವಳಿ ಪುಸ್ತಕದಾಗ ಬರಸಿ, ಅದರ ಪ್ರತಿ ಸಿಕ್ಕಾಗ ನಮಗೂ ಒಂದು ಕಳಸ್ರಿ, ಮುಂದಿನ ಸಂಚಿಕೆಯಾಗ ಬ್ಯಾರೆ ಊರಿನವ್ರಿಗೆ ಉಪಯೋಗ ಆಗ್ತೈತಿ.